ಅಪ್ಪನಿಗೆ ಹೇಳಲಾಗದ ಶಹಬ್ಬಾಸ್

ಹೆತ್ತ ಅಪ್ಪನಿಗೆ ಯಾರೂ ಶಹಬ್ಬಾಸ್ ಅನ್ನುವುದಿಲ್ಲ. ಎಂಬತ್ತರ ಮುದುಕ ಬಾವಿಗಿಳಿದು ಬಿದ್ದ ಕೊಡ ಎತ್ತಿಕೊಂಡು ಬಂದರೆ ಮಗ ‘ಯಪ್ಪಾ, ನಿನಗ್ಯಾಕ ಬೇಕಾಗಿತ್ತು ಇದು’ ಎಂದು ಗದರಬಹುದು, ಒಳಗೊಳಗೇ ಹೆಮ್ಮೆಪಡಬಹುದು, ಓಣಿಯವರ ಮುಂದೆ ನಾಲ್ಕು ಸಲ ಹೇಳಿಕೊಳ್ಳಬಹುದು. ಶಹಬ್ಬಾಸ್ ಮಾತ್ರ ಬಾಯಿಗೆ ಬರುವುದಿಲ್ಲ. ಬಂದರೆ ಅದು ಚೇಷ್ಟೆಯಾಗುತ್ತದೆ, ಇಲ್ಲವೇ ಉದ್ಧಟತನ. ಅದೇ ಕೊಡವನ್ನು ಹತ್ತು ವರ್ಷದ ಮೊಮ್ಮಗ ಎತ್ತಿ ತಂದಿದ್ದರೆ ಮನೆಮಂದಿಯೆಲ್ಲ ಹೇಳುವುದು ಅದನ್ನೇ, ಬೆನ್ನ ಮೇಲೊಂದು ಏಟಿನ ಸಮೇತ.

ಈ ಶಬ್ದಕ್ಕೆ ಇಳಿಜಾರು ಇದೆ. ನೀರಿನ ಹಾಗೆ ಮೇಲಿಂದ ಕೆಳಕ್ಕೆ ಹರಿಯುತ್ತದೆಯೇ ಹೊರತು ಕೆಳಗಿಂದ ಮೇಲಕ್ಕೆ ಏರುವುದಿಲ್ಲ. ಈ ಇಳಿಜಾರು ಎಲ್ಲಿಂದ ಬಂತು ಎಂದು ಹುಡುಕುತ್ತ ಹೊರಟರೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ನಾನೂರು ವರ್ಷದ ಚರಿತ್ರೆಯ ಅಂಗಳಕ್ಕೇ ಬಂದು ನಿಲ್ಲಬೇಕಾಗುತ್ತದೆ. ಇಂದಿನ ಹಾವೇರಿ ಜಿಲ್ಲೆಯ ಈ ಸೀಮೆಯಲ್ಲಿ ಆಳಿದವರು, ಆಳಲು ಬಂದು ಸೋತವರು, ಸುಮ್ಮನೆ ತುಳಿದುಕೊಂಡು ಹೋದವರು ಲೆಕ್ಕವಿಲ್ಲದಷ್ಟು ಮಂದಿ. ಹೋಗುವಾಗ ಅವರು ಬೈಗುಳ ಬಿಟ್ಟುಹೋದದ್ದು ಸಹಜ. ಹೊಗಳಿಕೆಯನ್ನೂ ಬಿಟ್ಟುಹೋದದ್ದು ನನಗೆ ಸೋಜಿಗ.

ಅವರು ಬರುವ ಮೊದಲು ಇಲ್ಲಿ ಮೆಚ್ಚುಗೆಗೆ ಮಾತಿರಲಿಲ್ಲವೆಂದಲ್ಲ. ‘ಮೆಚ್ಚು’ ಅಪ್ಪಟ ದ್ರಾವಿಡ ಶಬ್ದ, ತಮಿಳಿನಲ್ಲೂ ಇದೆ. ಆದರೆ ಹಳೆಗನ್ನಡದ ಅರಸ ಮೆಚ್ಚಿದರೆ ಬರೀ ಬಾಯಿಮಾತಿನಲ್ಲಿ ಮುಗಿಸುತ್ತಿರಲಿಲ್ಲ. ಮಂಡ್ಯ ಸೀಮೆಯ ಆತಕೂರಿನ ಶಾಸನದ ಕಥೆ ಎಲ್ಲರಿಗೂ ಗೊತ್ತು. ತಕ್ಕೋಲದ ಯುದ್ಧ ಮುಗಿದ ಮೇಲೆ, ಸುಮಾರು ಕ್ರಿ.ಶ. 949-50ರಲ್ಲಿ, ಮಣಲೇರನೆಂಬ ವೀರನಿಗೆ ಅವನ ಒಡೆಯ, ಮೆಚ್ಚಿದ್ದೇನೆ, ಏನು ಬೇಕು ಕೇಳು ಅಂದ. ಮಣಲೇರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಕಾದಾಡಿ ಸತ್ತಾಗ ಅದಕ್ಕೂ ಕಲ್ಲು ನಿಂತಿತು.

ಹಾನಗಲ್ಲಿನಲ್ಲೂ ಅಂಥದೊಂದು ಕಲ್ಲಿದೆ. 1196ರಲ್ಲಿ ಹೊಯ್ಸಳ ಎರಡನೆಯ ಬಲ್ಲಾಳ ಹಾನಗಲ್ಲ ಕದಂಬರ ಕೋಟೆಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಆ ದಂಡನ್ನು ಹಿಮ್ಮೆಟ್ಟಿಸಿ, ಅದೇ ಕಾಳಗದಲ್ಲಿ ಮಡಿದ. ಸತ್ತವನಿಗೆ ಕಲ್ಲಿನ ಮೇಲೆ ಅಪ್ಸರೆಯರು, ಉಳಿದವರಿಗೆ ಭೂಮಿ. ಕಾದಿ ಸತ್ತವನ ಮನೆಗೆ ಕೊಡುವ ಆ ಹೊಲಕ್ಕೆ ನೆತ್ತರುಗೊಡಗೆ ಎಂದು ಹೆಸರು. ಮೆಚ್ಚುಗೆ ಆಗ ಕಲ್ಲು ಮಣ್ಣಿನಷ್ಟು ಗಟ್ಟಿ ವಸ್ತುವಾಗಿತ್ತು. ಬಾಯಿಂದ ಹೊರಡುವ ಉದ್ಗಾರಗಳೂ ಇದ್ದವು. ಇಲ್ಲಿಂದ ಬಹಳ ದೂರವೇನಲ್ಲದ ಕೋಳಿವಾಡದ ಕುಮಾರವ್ಯಾಸನ ಭಾರತದ ತುಂಬ ಭಾಪು, ಮಝ, ಪೂತುಗಳು ಬಾಣಗಳ ಹಾಗೆ ಹಾರಾಡುತ್ತವೆ. ಇವತ್ತು ದೊಡ್ಡಾಟದ ಅಟ್ಟದ ಮೇಲೆ ಭಪ್ಪರೆ, ಭಲಾ ಉಳಿದಿವೆ. ಅಟ್ಟದಿಂದ ಕೆಳಗಿಳಿದು ಮನೆಗೆ ಹೋಗುವ ದಾರಿಯಲ್ಲಿ ಪಾತ್ರಧಾರಿಯೂ ಆ ಮಾತಾಡುವುದಿಲ್ಲ. ಶಹಬ್ಬಾಸ್ ಅವುಗಳ ಜಾಗದಲ್ಲಿ ಬಂದು ಕೂತಿದೆ.

ಅದು ಫಾರಸಿ. ‘ಶಾದ್ ಬಾಶ್’ ಎಂದರೆ ಸಂತೋಷವಾಗಿರು ಎಂದರ್ಥ. ಹುಟ್ಟಿನಲ್ಲಿ ಅದು ಹೊಗಳಿಕೆಯಲ್ಲ, ಹರಕೆ. ಹರಕೆ ಕೊಡುವವನು ದೊಡ್ಡವನು, ತಲೆ ತಗ್ಗಿಸಿ ತಗೊಳ್ಳುವವನು ಸಣ್ಣವನು. ಇಳಿಜಾರಿನ ಮೊದಲ ಕುರುಹು ಅಲ್ಲೇ ಸಿಗುತ್ತದೆ.

ಫಾರಸಿ ನಾಲಿಗೆ ಈ ನೆಲದಲ್ಲಿ ಗಟ್ಟಿಯಾಗಿ ತಳವೂರಿದ್ದು ಬಂಕಾಪುರದಲ್ಲಿ. ಇವತ್ತು ಶಿಗ್ಗಾವಿ ತಾಲೂಕಿನ ಊರು. ರಾಷ್ಟ್ರಕೂಟ ಅಮೋಘವರ್ಷನ ಸಾಮಂತ ಬಂಕೆಯರಸನ ಹೆಸರು ಹೊತ್ತದ್ದು, ಕೋಟೆಯೊಳಗೆ ಅರವತ್ತು ಕಂಬದ ನಗರೇಶ್ವರ ಗುಡಿಯಿರುವುದು. ವಿಜಯನಗರ ಕುಸಿದು ಎಂಟು ವರ್ಷವಾಗಿತ್ತು. 1573ರ ಸುಮಾರಿಗೆ ಒಂದನೆಯ ಅಲಿ ಆದಿಲ್ ಶಾಹನ ಸೈನ್ಯ ಈ ಕೋಟೆಗೆ ಮುತ್ತಿಗೆ ಹಾಕಿತು. ಒಳಗಿದ್ದ ವೇಲಪ್ಪ ನಾಯಕ ವರ್ಷಕ್ಕೂ ಹೆಚ್ಚು ಕಾಲ ಬಾಗಿಲು ತೆಗೆಯಲಿಲ್ಲ. ಕೋಟೆ ಬಿದ್ದ ಮೇಲೆ ಈ ಸೀಮೆಯ ಉಸ್ತುವಾರಿ ಸಿಕ್ಕಿದ್ದು ಮುಸ್ತಫಾ ಖಾನ್ ಅರ್ದಿಸ್ತಾನಿಗೆ. ಹೆಸರೇ ಹೇಳುವಂತೆ ಇರಾನಿನ ಅರ್ದಿಸ್ತಾನದ ಮನುಷ್ಯ, ಶಾದ್ ಬಾಶ್ ಎಂಬುದು ತಾಯಿನುಡಿಯ ಮಾತಾಗಿದ್ದವನು. ಅವನ ಕೊಲೆಯಾದದ್ದೂ ಬಂಕಾಪುರದಲ್ಲೇ, ವಿಜಾಪುರದ ದರಬಾರಿನ ಒಳಜಗಳದಲ್ಲಿ.

ಇಲ್ಲೊಂದು ತಮಾಷೆಯಿದೆ. ಇದಕ್ಕೆ ಮೊದಲೇ, 1534ರಿಂದ 1558ರವರೆಗೆ ಆಳಿದ ಒಂದನೆಯ ಇಬ್ರಾಹಿಂ ಆದಿಲ್ ಶಾಹ ಲೆಕ್ಕಪತ್ರದಿಂದ ಫಾರಸಿಯನ್ನು ತೆಗೆದುಹಾಕಿದ್ದ. ದೇಶಭಾಷೆಯಲ್ಲೇ ಲೆಕ್ಕ ಬರೆಯಬೇಕೆಂದು ಹುಕುಂ ಮಾಡಿ ಆ ಕೆಲಸವನ್ನು ಇಲ್ಲಿಯ ಬ್ರಾಹ್ಮಣರಿಗೆ ಒಪ್ಪಿಸಿದನೆಂದು ಚರಿತ್ರೆಕಾರ ಫಿರಿಸ್ತಾ ಬರೆಯುತ್ತಾನೆ. ಉತ್ತರದಲ್ಲಿ ತೋದರಮಲ್ಲ ಅಕ್ಬರನ ದಫ್ತರಕ್ಕೆ ಫಾರಸಿ ತಂದದ್ದಕ್ಕಿಂತ ಎಷ್ಟೋ ಮುಂಚಿನ ಮಾತು. ಅಂದರೆ ಕಾಗದದಲ್ಲಿ ಫಾರಸಿ ಹಿಂದೆ ಸರಿದ ರಾಜ್ಯದಲ್ಲೇ ಅದು ಬಾಯಲ್ಲಿ ಮುಂದೆ ಬಂತು. ದಫ್ತರದ ಭಾಷೆ ಹುಕುಮಿಗೆ ಬಗ್ಗುತ್ತದೆ. ಕುದುರೆಯ ಬೆನ್ನ ಮೇಲಿನ ಭಾಷೆ, ಕುಸ್ತಿಯ ಮಣ್ಣಿನ ಭಾಷೆ ಯಾವ ಹುಕುಮನ್ನೂ ಕೇಳುವುದಿಲ್ಲ.

ಕುಸ್ತಿಯ ಮಾತು ಬಂತಲ್ಲ, ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮಲ್ಲಯುದ್ಧ ಈ ನಾಡಿಗೆ ಹೊಸದಲ್ಲ, ಗುಡಿಯ ಕಂಬಗಳ ಮೇಲೇ ಇದೆ. ಆದರೆ ಆದಿಲಶಾಹಿ ಮುಗಿಯುವ ಹೊತ್ತಿಗೆ ಮಲ್ಲ ಪೈಲ್ವಾನನಾಗಿದ್ದ, ಗರಡಿ ತಾಲೀಮಾಗಿತ್ತು, ಗುರು ಉಸ್ತಾದನಾಗಿದ್ದ, ಕಾಳಗ ಜಂಗಿಯಾಗಿತ್ತು. ಹನುಮಪ್ಪನ ಪಟಕ್ಕೆ ಕೈಮುಗಿದು ಮಣ್ಣಿಗಿಳಿಯುವ ಹುಡುಗ ‘ಉಸ್ತಾದ’ರ ಕಾಲು ಮುಟ್ಟುತ್ತಾನೆ. ಎದುರಾಳಿಯನ್ನು ಚಿತ್ ಮಾಡಿ ಎದ್ದರೆ ಅಂಥ ಜಾಗದಲ್ಲಿ ಭಾಪುರೆ ಅಂದರೆ ಯಾರಿಗೆ ತಿಳಿಯಬೇಕು? ಶಹಬ್ಬಾಸ್ ಒಂದೇ ಬಂದ ಶಬ್ದವಲ್ಲ, ಬೀಗರ ದಿಬ್ಬಣದ ಹಾಗೆ ಬಂಧುಬಳಗವನ್ನೆಲ್ಲ ಕಟ್ಟಿಕೊಂಡು ಬಂತು.

ನಂತರ ಬಂದವರು ಸವಣೂರಿನ ನವಾಬರು, ಮಿಯಾನಾ ಪಠಾಣರು. ಇದೇ ಮನೆತನದ ಬಹಲೋಲ್ ಖಾನ್ ವಿಜಾಪುರದ ಸೇನಾನಿ, 1674ರಲ್ಲಿ ನೇಸರಿಯಲ್ಲಿ ಶಿವಾಜಿಯ ಸರನೋಬತ್ ಪ್ರತಾಪರಾವ್ ಗುಜರ್ ಪ್ರಾಣ ಕೊಟ್ಟದ್ದು ಇವನ ದಂಡಿಗೆ ಎದುರಾಗಿ. 1686ರ ಸೆಪ್ಟೆಂಬರಿನಲ್ಲಿ ವಿಜಾಪುರ ಔರಂಗಜೇಬನಿಗೆ ಶರಣಾದಾಗ ಸಂಧಾನಕ್ಕೆ ಹೋದ ಸರದಾರರಲ್ಲಿ ಈ ಮನೆಯ ಅಬ್ದುಲ್ ರವೂಫ್ ಖಾನ್ ಒಬ್ಬ. ಬಾದಶಹ ಅವನಿಗೆ ಬಂಕಾಪುರ ಸವಣೂರಿನ ಸೀಮೆಯ ಜೊತೆಗೆ ದಿಲೇರ್ ಖಾನ್ ಎಂಬ ಬಿರುದನ್ನೂ ಕೊಟ್ಟ. ದಿಲೇರ್ ಎಂದರೆ ಎದೆಗಾರ. ಕೋಟೆ ಒಪ್ಪಿಸಿದವನಿಗೆ ಎದೆಗಾರನೆಂದು ಬಿರುದು! ಹೊಗಳುವ ಅಧಿಕಾರ ಯಾರ ಕೈಯಲ್ಲಿದೆಯೋ ಶಬ್ದದ ಅರ್ಥವೂ ಅವರ ಕೈಯಲ್ಲೇ ಇರುತ್ತದೆ. ಬಿರುದು ಮುಂದೆ ದಿಲೇರ್ ಜಂಗ್ ಬಹಾದ್ದೂರ್ ಎಂದು ಉದ್ದವಾಯಿತು. ರಾಜಧಾನಿ ಬಂಕಾಪುರದಿಂದ ಸವಣೂರಿಗೆ ಬಂತು.

ಬಹಾದ್ದೂರ್ ಎಂಬ ಆ ಕೊನೆಯ ಮಾತು ಫಾರಸಿಯಿಂದ ಬಂದರೂ ಫಾರಸಿಯ ಸ್ವಂತದ್ದಲ್ಲ. ಮಧ್ಯ ಏಷ್ಯಾದ ತುರ್ಕ, ಮಂಗೋಲ ಕುದುರೆ ಸವಾರರ ಬಗತೂರ್. ದಕ್ಷಿಣಕ್ಕೆ ಬಂದ ಕವಲು ಸವಣೂರಿನ ನವಾಬನ ಹೆಸರಿಗೆ ಅಂಟಿಕೊಂಡಿತು, ಅಲ್ಲಿಂದ ಜಾರಿ ನಮ್ಮ ಮನೆಗಳ ಬದ್ದೂರನಾಯಿತು. ಅಮ್ಮ ಎರಡು ರೊಟ್ಟಿ ಜಾಸ್ತಿ ತಿಂದವನಿಗೂ ‘ಬಾರೋ ನನ್ನ ಬದ್ದೂರ’ ಅನ್ನುತ್ತಾಳೆ. ಪಶ್ಚಿಮೋತ್ತರಕ್ಕೆ ಹೋದ ಕವಲು ರಷ್ಯಾದ ಹುಲ್ಲುಗಾವಲಿನಲ್ಲಿ ಬೊಗತೀರ್ ಆಯಿತು, ರಷ್ಯನ್ ಜನಪದ ಕಥೆಗಳ ಮಹಾವೀರ.

ಆ ಕಥೆಗಳಲ್ಲಿ ಬೊಗತೀರನ ಪಕ್ಕದಲ್ಲಿ ಇನ್ನೊಬ್ಬನಿರುತ್ತಾನೆ, ಮೊಲೊದೆತ್ಸ್. ಎಳೆಯ ವಯಸ್ಸಿನ ಧೀರ ಎಂದು ಮೂಲಾರ್ಥ. ಕಾಲಕ್ರಮದಲ್ಲಿ ಅದು ರಷ್ಯನ್ನರ ಶಹಬ್ಬಾಸ್ ಆಯಿತು. ತ್ಸಾರನ ದಂಡಿನಲ್ಲಿ ಸೇನಾಧಿಕಾರಿ ಸಾಲುಗಟ್ಟಿ ನಿಂತ ಸಿಪಾಯಿಗಳಿಗೆ ಅದೇ ಮಾತನ್ನು ಕೂಗಿ ಹೇಳುತ್ತಿದ್ದ, ಸಿಪಾಯಿಗಳು ಒಕ್ಕೊರಲಿನಿಂದ ಇನ್ನೂ ದುಡಿಯಲು ಸಂತೋಷ ಎಂದು ಮರುಗೂಗಬೇಕಿತ್ತು. ಈ ಮಾತು ಯಹೂದಿಗಳ ಯಿದ್ದಿಶ್ ಭಾಷೆಗೆ ದಾಟಿತು. ಹೀಬ್ರೂ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆಯುವ, ಜರ್ಮನ್ ಮೂಲದ ನುಡಿ ಅದು. ಯಾವ ರಷ್ಯಾದಿಂದ? ಯಹೂದಿಗಳು ಇಂಥ ಗಡಿಯೊಳಗೇ ಬದುಕಬೇಕೆಂದು ಗೆರೆ ಎಳೆದ ರಷ್ಯಾದಿಂದ, 1827ರಲ್ಲಿ ಒಂದನೆಯ ನಿಕೊಲಾಯ್ ಅವರ ಚಿಕ್ಕ ಹುಡುಗರನ್ನೂ ದಂಡಿಗೆ ಹಿಡಿದುಕೊಂಡು ಹೋಗಲು ಅಪ್ಪಣೆ ಮಾಡಿದ ರಷ್ಯಾದಿಂದ. ಅಂಥವರ ಬಾಯಿಮಾತನ್ನೇ ತಂದು ಯಿದ್ದಿಶ್ ತಾಯಿ ತನ್ನ ಮಗುವಿನ ಗಲ್ಲ ಹಿಂಡಿ ಮೊಲೊದೆತ್ಸ್ ಅಂದಳು. ಯಹೂದಿಗಳಿಗೂ ತಮ್ಮದೇ ಆದ ಮಾತಿತ್ತು. ಪ್ರಾರ್ಥನಾಮಂದಿರದಲ್ಲಿ ಧರ್ಮಗ್ರಂಥ ಓದಿ ಬಂದವನಿಗೆ ಹೇಳುವ ಹೀಬ್ರೂ ಹರಕೆ, ನಿನ್ನ ಬಲ ನೆಟ್ಟಗಿರಲಿ ಎಂದು. ಅದು ಗುಡಿಯ ಒಳಗಿನ ಮಾತಾಗಿ ಪವಿತ್ರವಾಗಿ ಉಳಿಯಿತು. ಬೀದಿಗೆ, ಅಂಗಡಿಗೆ, ಅಡುಗೆಮನೆಗೆ ರಷ್ಯನ್ ಮಾತೇ ಬೇಕಾಯಿತು. ನಮ್ಮ ಭಾಪುರೆ ಮತ್ತು ಶಹಬ್ಬಾಸಿನ ಕಥೆಯೂ ಇದೇ ಅಲ್ಲವೆ? ಇಳಿಜಾರೂ ಒಂದೇ. ಮೊಲೊದೆತ್ಸ್ ಕೂಡ ಹಿರಿಯರಿಗೆ ಹೇಳುವ ಮಾತಲ್ಲ.

ಆಳಿದವರ ಹೊಡೆತವೂ ಎರಡೂ ಕಡೆ ಒಂದೇ ಎನ್ನಲಾರೆ, ಅದು ಅನ್ಯಾಯದ ಹೋಲಿಕೆಯಾದೀತು. ಸವಣೂರಿನ ನವಾಬರು ಪರದೇಶಿಗಳಾಗಿ ಉಳಿಯಲಿಲ್ಲ. ಆದರೆ ಹದಿನೆಂಟನೆಯ ಶತಮಾನದಲ್ಲಿ ಈ ನಾಲ್ಕು ತಾಲೂಕುಗಳ ರೈತ ಕಂಡ ಕುದುರೆಗಳ ಲೆಕ್ಕ ಹಾಕಿದರೆ ಅವನಿಗೂ ಶಹಬ್ಬಾಸ್ ಎಂಬ ಮಾತು ಮೊದಲು ಕೇಳಿದ್ದು ತನ್ನ ಜೋಳದ ಹೊಲ ತುಳಿಯುತ್ತಿದ್ದವರ ಬಾಯಲ್ಲೇ ಇರಬೇಕು ಎನ್ನಿಸುತ್ತದೆ.

1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾವ್ ಸವಣೂರಿಗೆ ಮುತ್ತಿಗೆ ಹಾಕಿದ. ನಿಜಾಮ ಸಲಾಬತ್ ಜಂಗ್ ಅವನ ಜೊತೆಗೆ, ಅವನ ಹಿಂದೆ ಫ್ರೆಂಚ್ ಸೇನಾನಿ ಬುಸ್ಸಿಯ ತೋಪುಗಳು. ಊರೊಳಗೆ ನವಾಬನ ಪರವಾಗಿ ಗುತ್ತಿಯ ಮುರಾರಿರಾವ್ ಘೋರ್ಪಡೆ ಮತ್ತು ಪೇಶ್ವೆಯನ್ನು ಬಿಟ್ಟು ಬಂದ ತೋಪಿನವ ಮುಜಫರ್ ಖಾನ್. ಮರಾಠಿ, ದಖನಿ, ಫಾರಸಿ, ತೆಲುಗು, ಫ್ರೆಂಚ್ ಎಲ್ಲವೂ ಒಂದೇ ಗೋಡೆಯ ಎರಡು ಬದಿಗೆ. ಬುಸ್ಸಿಯ ತೋಪುಗಳು ಮಾತಾಡಿದ ಮೇಲೆ ನವಾಬ ರಾಜಿಗೆ ಬಂದ, ಸೀಮೆಯ ದೊಡ್ಡ ಪಾಲು ಕೈಬಿಟ್ಟಿತು.

ಎಂಟು ವರ್ಷ ಕಳೆದು ಹೈದರ್ ಅಲಿ ಬಂದ. ಸವಣೂರಿನ ನವಾಬನನ್ನು ಸೋಲಿಸಿ ಬಂಕಾಪುರ ಹಿಡಿದ. ಅವನನ್ನು ಹಿಂದಕ್ಕಟ್ಟಲು ಪೇಶ್ವೆ ಮಾಧವರಾವ್ ದಂಡೆತ್ತಿ ಬಂದ. 1764ರ ಮೇ ತಿಂಗಳ ಬಿಸಿಲಿನಲ್ಲಿ ಇಬ್ಬರೂ ಎದುರಾದದ್ದು ರಟ್ಟಿಹಳ್ಳಿಯಲ್ಲಿ, ಮೊನ್ನೆ ಮೊನ್ನೆಯವರೆಗೆ ಹಿರೇಕೆರೂರು ತಾಲೂಕಿನಲ್ಲಿದ್ದ ಊರು. ಮಾಧವರಾವನಿಗೆ ಆಗ 19 ವರ್ಷ. ಹೈದರ್ ತುಂಬ ಮಂದಿಯನ್ನು ಕಳಕೊಂಡು ಆನವಟ್ಟಿಯ ಕಾಡಿನ ಕಡೆ ಸರಿದ. ಹತ್ತೊಂಬತ್ತರ ಆ ಹುಡುಗನಿಗೆ ಅಂದು ಸಂಜೆ ಡೇರೆಯಲ್ಲಿ ಯಾರು ಶಹಬ್ಬಾಸ್ ಅಂದಿರಬಹುದು? ಅನ್ನುವಷ್ಟು ದೊಡ್ಡವರು ಯಾರೂ ಇರಲಿಲ್ಲ. ಪೇಶ್ವೆಗಿರಿಯ ಕಷ್ಟಗಳಲ್ಲಿ ಇದೂ ಒಂದು.

ಆಮೇಲೆ ಹೈದರ್ ಸವಣೂರಿನೊಡನೆ ಬೀಗತನ ಬೆಳೆಸಿದ. ಅವನ ಮಗ ಕರೀಮನಿಗೆ ನವಾಬನ ಮಗಳು, ನವಾಬನ ಮಗನಿಗೆ ಹೈದರನ ಮಗಳು. ಅದೂ ಬಹಳ ದಿನ ಬಾಳಲಿಲ್ಲ. 1786ರಲ್ಲಿ ಟಿಪ್ಪು ಸವಣೂರನ್ನು ಹಿಡಿದಾಗ ಮುದಿ ನವಾಬ ಅಬ್ದುಲ್ ಹಕೀಂ ಖಾನ್ ಹಿಂದೆ ತನ್ನನ್ನು ಮುತ್ತಿದ್ದ ಮರಾಠರ ಬಳಿಗೇ ಓಡಿ ಆಸರೆ ಪಡೆದ.

ಮರಾಠರು ಉಳಿದರು, ಅವರ ಮಾತೂ ಉಳಿಯಿತು. ಭೇಷ್ ಹುಟ್ಟಿನಿಂದ ಫಾರಸಿಯೇ, ಆದರೆ ಮರಾಠಿಯ ಮನೆಯಲ್ಲಿ ಬೆಳೆದು ಕನ್ನಡಕ್ಕೆ ಬಂದದ್ದು. ರಾಯಚೂರು, ಬಳ್ಳಾರಿಯ ಕಡೆ ಅದು ಬೇಸು ಆಗಿ, ಹೊಗಳಿಕೆಯ ಕಿರೀಟ ಕಳಚಿಟ್ಟು, ನೆಟ್ಟಗಿದೆ ಎನ್ನುವಷ್ಟಕ್ಕೆ ಇಳಿದಿದೆ. ಇನ್ನೊಂದು, ನಮ್ಮ ಕಡೆಯ ಅತಿ ಮುದ್ದಿನ ಮಾತು, ಶಾಣ್ಯಾ. ಮರಾಠಿಯ ಶಹಾಣಾ, ತಿಳಿವಳಿಕೆಯುಳ್ಳವ. ‘ನನ್ನ ಶಾಣ್ಯಾ ಮಗಾ, ಒಂದ ತಂಬಿಗಿ ನೀರ ತಾ’ ಎಂದು ಹೊಗಳಿಕೆಯನ್ನು ಮುಂಗಡವಾಗಿ ಕೊಟ್ಟು ಕೆಲಸ ಮಾಡಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮಾತಿಲ್ಲ. ‘ಭಾಳ ಶಾಣ್ಯಾ ಆಗಬ್ಯಾಡ’ ಎಂದರೆ ಅದೇ ಮಾತು ಬೆತ್ತವಾಗುತ್ತದೆ.

ಮರಾಠಿಯಲ್ಲೇ ಒಂದು ದೊಡ್ಡ ಪ್ರಯತ್ನ ನಡೆದಿತ್ತು. ಶಿವಾಜಿ ಪಟ್ಟಕ್ಕೆ ಬಂದ ಮೇಲೆ ರಾಜ್ಯವ್ಯವಹಾರಕೋಶ ಬರೆಸಿ, ಆಡಳಿತದ ಫಾರಸಿ, ಅರಬ್ಬಿ ಮಾತುಗಳಿಗೆಲ್ಲ ಸಂಸ್ಕೃತದ ಪರ್ಯಾಯ ಕೊಡಿಸಿದ. ಪೇಶ್ವೆ ಎಂಬ ಫಾರಸಿ ಹುದ್ದೆ ಕೋಶದಲ್ಲಿ ಪ್ರಧಾನವಾಯಿತು. ನೂರು ವರ್ಷ ಕಳೆಯುವಷ್ಟರಲ್ಲಿ ಪ್ರಧಾನರೆಲ್ಲ ಮತ್ತೆ ಪೇಶ್ವೆಗಳೇ. ಸೈನಿಕರ ಬಾಯಿಯ ಶಾಬಾಸಿಗೆ ಕೋಶ ಕೈಹಾಕಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಮನುಷ್ಯ ಯೋಚಿಸಿ ಬೈಯಬಹುದು, ಯೋಚಿಸಿ ಕಾಗದ ಬರೆಯಬಹುದು. ಹೊಗಳಿಕೆ ಅಷ್ಟು ಪುರುಸೊತ್ತು ಕೊಡುವುದಿಲ್ಲ.

ದಂಡಿನ ಮಾತು ಊರಿನ ಮಾತಾಗಲು ಹಾಡು, ಹಬ್ಬ ಬೇಕು. ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು, ಮುಲ್ಕಿ ಪರೀಕ್ಷೆ ಪಾಸಾಗಿ ಕೆಲಕಾಲ ಸಾಲಿ ಮಾಸ್ತರಾಗಿದ್ದವರು, ಕಳಸದ ಗೋವಿಂದಭಟ್ಟರ ಶಿಷ್ಯರಾದವರು. ಮೊಹರಮ್ಮಿಗೆಂದು ಅವರು ಕಟ್ಟಿದ ಅಲಾವಿ ಪದಗಳು ಈ ಸೀಮೆಯ ಲಿಂಗಾಯತ, ಕುರುಬ, ಮುಸಲ್ಮಾನ ಹುಡುಗರ ಕಾಲ ಹೆಜ್ಜೆಯಲ್ಲಿ ಒಂದಾದವು. ಅಲಾಯಿ ಕುಣಿಯ ಸುತ್ತ ಕುಣಿಯುವ ಮಂದಿಗೆ ಯಾವ ಮಾತು ಯಾರ ದಂಡಿನ ಜೊತೆ ಬಂತೆಂಬ ತಕರಾರು ಇಲ್ಲ. ತಕರಾರು ಎಂಬ ಮಾತೂ ಹೊರಗಿನದೇ ಎನ್ನಿ. ಶರೀಫರು 1889ರಲ್ಲಿ ತೀರಿಕೊಂಡಾಗ ಇಲ್ಲಿಯ ಕನ್ನಡದಲ್ಲಿ ಫಾರಸಿ ಎಷ್ಟು ಕರಗಿತ್ತೆಂದರೆ ಬೇರ್ಪಡಿಸಲು ನಿಘಂಟುಕಾರನೇ ಬೇಕಾಗಿತ್ತು. ಬಂದೂಬಿಟ್ಟ. 1894ರ ತನ್ನ ಕೋಶದಲ್ಲಿ ಕಿಟೆಲ್ ಹಿಂದುಸ್ತಾನಿ, ಮರಾಠಿಯಿಂದ ಬಂದ ಮಾತುಗಳಿಗೆ ಗುರುತು ಹಚ್ಚಿ ಇಟ್ಟ.

ಇಂಗ್ಲಿಷರ ಕಾಲದಲ್ಲಿ ಮೆಚ್ಚುಗೆಗೆ ಪುರಾವೆ ಕೇಳುವ ಪದ್ಧತಿ ಬಂತು. ಹಿಂದಿನ ಅರಸರು ಮೆಚ್ಚಿ ಕೊಟ್ಟ ಭೂಮಿಗೆ ಇನಾಮು ಎಂದು ಹೆಸರು. ನೆತ್ತರುಗೊಡಗೆಯ ಜಾಗಕ್ಕೆ ಬಂದ ಅರಬ್ಬಿ ಶಬ್ದ. 1852ರ ಕಾಯಿದೆಯ ಇನಾಮ್ ಕಮಿಷನ್ ಧಾರವಾಡ ಸೀಮೆಯ ದೇಸಗತಿಗಳ ಮನೆಬಾಗಿಲಿಗೆ ಬಂದು, ನಿಮ್ಮಜ್ಜನನ್ನು ಯಾರು ಮೆಚ್ಚಿದ್ದರು, ಸನದು ತೋರಿಸಿ ಅಂದಿತು. ಗೆದ್ದಲು ಹಿಡಿದ ಸನದಿನವರು ಹೊಲ ಕಳಕೊಂಡರು. 1858ರ ನರಗುಂದದ ಬಂಡಾಯಕ್ಕೆ ದತ್ತು ಮಕ್ಕಳ ಹಕ್ಕಿನ ಜೊತೆಗೆ ಈ ಸಿಟ್ಟೂ ಉರುವಲಾಯಿತು. ಭೂಮಿಯ ಮೆಚ್ಚುಗೆ ಹೀಗೆ ಕರಗಿದ ಮೇಲೆ ಉಳಿದದ್ದು ಬಾಯಿಯ ಮೆಚ್ಚುಗೆ. ಅದಕ್ಕೆ ಸನದು ಬೇಡ. ಜನ ಅದಕ್ಕೇ ಒಂದು ಹುದ್ದೆಯ ಹೆಸರು ಕೊಟ್ಟರು, ಶಬ್ಬಾಸ್‌ಗಿರಿ. ಗುಮಾಸ್ತಗಿರಿ, ಗೌಡಕಿಗಳ ಹಾಗೆ ಅದೂ ಸಿಗುವಂಥದ್ದು, ತಪ್ಪಿಹೋಗುವಂಥದ್ದು, ಇನ್ನೊಬ್ಬ ಕಸಿದುಕೊಳ್ಳುವಂಥದ್ದು. ‘ದುಡದವ ನಾನು, ಶಬ್ಬಾಸ್‌ಗಿರಿ ಅವಗ’ ಎಂದು ಗೊಣಗದ ಅಣ್ಣತಮ್ಮಂದಿರು ಯಾವ ಮನೆಯಲ್ಲಿದ್ದಾರೆ? 1880ರ ದಶಕದಲ್ಲಿ ರೈಲು ಬಂದ ಮೇಲೆ ಅದರ ಡಬ್ಬಿಯ ದರ್ಜೆಯೂ ಹೊಗಳಿಕೆಗೆ ಸೇರಿತು. ಇವತ್ತಿಗೂ ಇಲ್ಲಿ ಉಪ್ಪಿಟ್ಟು ಫಸ್ಟ್‌ಕ್ಲಾಸ್ ಆಗಿರುತ್ತದೆ.

ಸವಣೂರಿನ ಸಂಸ್ಥಾನ ಕುಗ್ಗುತ್ತ ಸುಮಾರು 70 ಚದರ ಮೈಲಿಗೆ ಬಂದು ನಿಂತಿತ್ತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, 1956ರಲ್ಲಿ ಕನ್ನಡ ನಾಡಿಗೆ ಸೇರಿತು. ದಿಲೇರ್ ಜಂಗ್ ಬಹಾದ್ದೂರರ ದರಬಾರು ಮುಗಿಯಿತು. ಊರಿಗೆ ಈಗ ಹೆಸರು ತರುವುದು ಎಲೆ, ಖಾರಾ, ಮತ್ತು ದೊಡ್ಡಹುಣಸೆ ಕಲ್ಮಠದ ಮಹಾಮರಗಳು. ಹುಣಸೆ ಎಂದು ಕರೆದರೂ ಅವು ಹುಣಸೆಯಲ್ಲ, ಆಫ್ರಿಕಾದ ಬಾವೊಬಾಬ್. ಎಲ್ಲಿಂದಲೋ ಬಂದು ಮಠದ ಅಂಗಳದಲ್ಲಿ ಕನ್ನಡದ ಹೆಸರು ಪಡೆದು ನಿಂತಿವೆ.

ಶಹಬ್ಬಾಸಿನ ದರಬಾರು ನೋಡಬೇಕೆಂದರೆ ಈಗ ದೀಪಾವಳಿಯ ನಂತರ ಹಾನಗಲ್ಲ, ಹಿರೇಕೆರೂರಿನ ಹಳ್ಳಿಗಳಿಗೆ ಹೋಗಬೇಕು. ಹೋರಿ ಬೆದರಿಸುವ ಹಬ್ಬ. ಕೊರಳಿಗೆ ಕೊಬ್ಬರಿ ಸರ, ಮೈಮೇಲೆ ಜೂಲ, ಕೋಡಿಗೆ ಬಣ್ಣದ ರಿಬ್ಬನ್ನು. ಅಖಾಡದ ಎರಡೂ ಬದಿಗೆ ಗೋಡೆ ಕಟ್ಟಿದಂತೆ ಮಂದಿ. ಹೋರಿಗಳ ಹೆಸರಲ್ಲಿ ಹುಲಿಯೂ ಇರುತ್ತದೆ, ಸರದಾರನೂ ಇರುತ್ತಾನೆ, ಡಾನ್ ಕೂಡ. ಬಿಟ್ಟ ಹೋರಿ ಗಾಳಿಯ ಹಾಗೆ ಬರುತ್ತದೆ, ಕೊಬ್ಬರಿ ಹರಿಯಲು ಹುಡುಗರು ಮೈಮೇಲೆ ಬೀಳುತ್ತಾರೆ. ಹರಿದವನಿಗೂ ಶಹಬ್ಬಾಸ್, ಯಾರ ಕೈಗೂ ಸಿಗದೆ ದಾಟಿದ ಹೋರಿಗೂ ಶಹಬ್ಬಾಸ್. ಮೈಕಿನಲ್ಲಿ ಕೂಗುವವನ ಗಂಟಲು ಮಧ್ಯಾಹ್ನಕ್ಕೇ ಬಿದ್ದುಹೋಗಿರುತ್ತದೆ.

ಸಂಜೆ ಗೆದ್ದ ಹೋರಿಯನ್ನು ಮನೆಗೆ ಕರೆತಂದಾಗ ಅದರ ಮೈಯೆಲ್ಲ ಧೂಳು, ಬಾಯಲ್ಲಿ ನೊರೆ. ಹೆಂಗಸರು ಹೊಸ್ತಿಲಾಚೆ ಬಂದು ಅದರ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಿ ಆರತಿ ಎತ್ತುತ್ತಾರೆ. ಬೆಳಗಿನಿಂದ ಗಂಟಲು ಹರಿದುಕೊಂಡು ಶಹಬ್ಬಾಸ್ ಕೂಗಿದ ಮನೆಯ ಯಜಮಾನ ಆಗ ರುಮಾಲು ತೆಗೆದು ಸುಮ್ಮನೆ ಅದರ ಕಾಲು ಮುಟ್ಟುತ್ತಾನೆ.